ಕಾಲ್ಡರ್ 1930ರ ದಶಕದಲ್ಲಿ ಮಾಡಿದಂಥ ತೂಗುವ ಮೊಬೈಲ್ ಶಿಲ್ಪ: ತಂತಿ, ತಗಡು, ಸಮತೂಕ

ತಗಡಿನೆಲೆ

ಎಲ್ಲರಿಗೂ ನಮಸ್ಕಾರ. ಎರಡು ಮಹಾಯುದ್ಧಗಳ ನಡುವಿನ ಅಮೆರಿಕದ ಹೊಸ ಕಲೆಯ ಬಗ್ಗೆ ಒಂದು ಸಣ್ಣ ಪ್ರದರ್ಶನ ಇದೆ. ಅದರಲ್ಲಿ ಮೊಬೈಲ್‌ಗಳನ್ನು, ಅಂದರೆ ಅಲ್ಲಾಡುವ ಶಿಲ್ಪಗಳನ್ನು, ಮಾಡಿದ ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್‌ಗೆ ಒಂದು ಮೂಲೆ ಮೀಸಲು. ಬರೀ ಫೋಟೊ ಅಂಟಿಸಿದರೆ ನೋಡುವವರಿಗೆ ಏನೂ ದಕ್ಕುವುದಿಲ್ಲ, ಗಾಳಿಗೆ ಅಲ್ಲಾಡುವ ಒಂದು ಮಾದರಿ ತಲೆಯ ಮೇಲೆ ತೂಗುತ್ತಿರಬೇಕು. ಯಾವುದೇ ಒಂದು ಕೃತಿಯ ನಕಲು ಬೇಡ. ಅವನು ಕೆಲಸ ಮಾಡುತ್ತಿದ್ದ ಕ್ರಮ ಅದರಲ್ಲಿ ಕಂಡರೆ ಸಾಕು.

ಅಂದುಕೊಂಡಿರುವುದು ತಂತಿಯ ನಾಲ್ಕು ಕಡ್ಡಿ, ತಗಡಿನ ಐದು ಎಲೆ, ಒಂದರ ಕೆಳಗೊಂದು. ತಿರುಗಲು ಸಿಗುವ ಜಾಗ ಸುಮಾರು ಒಂದೂವರೆ ಮೀಟರ್ ಅಗಲ.

ಪ್ರಶ್ನೆಗಳು ಇಷ್ಟು. ತಂತಿ, ತಗಡು ಎಷ್ಟು ದಪ್ಪದ್ದಿರಬೇಕು? ಮೇಲಿನಿಂದ ಶುರುಮಾಡಬೇಕೋ ಕೆಳಗಿನಿಂದಲೋ? ಕಡ್ಡಿಯನ್ನು ತೂಗುಹಾಕುವ ಕುಣಿಕೆ ಎಲ್ಲಿ ಹಾಕಬೇಕು ಅನ್ನುವುದಕ್ಕೆ ಲೆಕ್ಕ ಇದೆಯೋ, ಕೈಯಂದಾಜೋ? ಇನ್ನೊಂದು, ಅವನ ಮೊದಲ ಮೊಬೈಲ್‌ಗಳಲ್ಲಿ ಹಲವು ಮೋಟಾರಿನಿಂದ ಓಡುತ್ತಿದ್ದವಂತೆ. ಆ ಕಾಲಕ್ಕೆ ಹತ್ತಿರ ಇರಬೇಕೆಂದರೆ ಮೋಟಾರು ಇಡಲೇಬೇಕೇ?

ಇಕ್ಕಳ

ಕೆಳಗಿನಿಂದ ಶುರು. ಇದರಲ್ಲಿ ಎರಡು ಮಾತಿಲ್ಲ. ಕಾಲ್ಡರ್ ಮಾಡುತ್ತಿದ್ದದ್ದೂ ಹಾಗೆಯೇ. ತೀರ ತುದಿಯ ಸಣ್ಣ ಜೋಡಿಯನ್ನು ಮೊದಲು ಕಟ್ಟಿ, ಅದು ಎಲ್ಲಿ ಹಿಡಿದರೆ ನಿಲ್ಲುತ್ತದೆ ಅಂತ ಹುಡುಕಿ, ಆ ಇಡೀ ಜೋಡಿಯನ್ನು ಮುಂದಿನ ಕಡ್ಡಿಯ ಒಂದು ತುದಿಗೆ ಸಿಕ್ಕಿಸಿ, ಇನ್ನೊಂದು ತುದಿಗೆ ಎದುರುತೂಕದ ಎಲೆ ಹಾಕುತ್ತ ಮೇಲಕ್ಕೆ ಹೋಗುವುದು. ಯಾಕೆಂದರೆ ಯಾವುದೇ ಕಡ್ಡಿಗೆ ಗೊತ್ತಿರಬೇಕಾದದ್ದು ತನ್ನ ಕೆಳಗೆ ತೂಗುವ ಎಲ್ಲದರ ಒಟ್ಟು ತೂಕ ಮಾತ್ರ. ಮೇಲಿನಿಂದ ಹೊರಟರೆ ಕೆಳಗೆ ಒಂದು ಎಲೆ ಸೇರಿಸಿದಾಗಲೆಲ್ಲ ಅದರ ಮೇಲಿರುವ ಅಷ್ಟೂ ಕುಣಿಕೆಗಳ ಜಾಗ ತಪ್ಪಿಹೋಗುತ್ತದೆ.

ಸಾಮಾನು: 1 ಮಿ.ಮೀ. ಅಲ್ಯೂಮಿನಿಯಂ ತಗಡು. ಕೆಳಗಿನ ಎರಡು ಕಡ್ಡಿಗೆ 1.6 ಮಿ.ಮೀ. ಉಕ್ಕಿನ ತಂತಿ, ಮೇಲಿನ ಎರಡಕ್ಕೆ 2 ಮಿ.ಮೀ. ಸುತ್ತಿಟ್ಟ ಮೆತ್ತನೆಯ ಕಟ್ಟುತಂತಿ ಬೇಡ, ಅದು ಹೇಗೆ ಬಾಗಿಸಿದರೂ ಮಾರನೆಯ ದಿನಕ್ಕೆ ಜೋತುಬೀಳುತ್ತದೆ. ಪಿಯಾನೊ ತಂತಿಯೂ ಬೇಡ, ಕುಣಿಕೆ ತಿರುಗಿಸುವಷ್ಟರಲ್ಲಿ ಕೈ ಸೋಲುತ್ತದೆ, ಒಮ್ಮೆ ಬಾಗಿಸಿದ್ದನ್ನು ನೇರಮಾಡಲು ಹೋದರೆ ಪಟ್ಟನೆ ಮುರಿಯುತ್ತದೆ. ನಡುವಿನ ಗಡಸುತನದ್ದು ಬೇಕು. 30 ಸೆಂ.ಮೀ.ಗಿಂತ ಚಿಕ್ಕ ಕಡ್ಡಿಗೆ ಸೈಕಲ್ ಚಕ್ರದ ಕಡ್ಡಿ ಚೆನ್ನಾಗಿ ಆಗುತ್ತದೆ, ಸುಮಾರು 2 ಮಿ.ಮೀ. ಇರುತ್ತದೆ, ಸ್ಟೇನ್‌ಲೆಸ್ ಉಕ್ಕಿನದಾದರೆ ತುಕ್ಕೂ ಹಿಡಿಯುವುದಿಲ್ಲ.

ತೂಕದ ಅಂದಾಜು ಹೀಗೆ. 1 ಮಿ.ಮೀ. ಅಲ್ಯೂಮಿನಿಯಂ ಒಂದು ಚದರ ಸೆಂ.ಮೀ.ಗೆ 0.27 ಗ್ರಾಂ. 1.6 ಮಿ.ಮೀ. ಉಕ್ಕಿನ ತಂತಿ ಮೀಟರಿಗೆ ಸುಮಾರು 16 ಗ್ರಾಂ, 2 ಮಿ.ಮೀ.ಯದು ಸುಮಾರು 25 ಗ್ರಾಂ. ಎಲೆಗಳನ್ನು ಮೊಟ್ಟೆಯಾಕಾರ ಅಂತ ಹಿಡಿದರೆ 9×4.2 ಸೆಂ.ಮೀ.ಯದು 8 ಗ್ರಾಂ, 10.5×5.4 ಇದ್ದರೆ 12 ಗ್ರಾಂ, 12×5.9ಕ್ಕೆ 15 ಗ್ರಾಂ, 13×7.2ಕ್ಕೆ 20 ಗ್ರಾಂ, 16×8.8ಕ್ಕೆ 30 ಗ್ರಾಂ. ಇವೇ ನಿಮ್ಮ ಐದು ಎಲೆ ಅಂದುಕೊಳ್ಳಿ.

ಈಗ ಕುಣಿಕೆಯ ಜಾಗ. ಭಾರದ ತುದಿಯಿಂದ ಅಳೆಯಬೇಕು. ಹಗುರ ತುದಿಯ ತೂಕವನ್ನು ಕಡ್ಡಿಯ ಪೂರ್ತಿ ಉದ್ದದಿಂದ ಗುಣಿಸಿ, ಕಡ್ಡಿಯ ಸ್ವಂತ ತೂಕವನ್ನು ಅರ್ಧ ಉದ್ದದಿಂದ ಗುಣಿಸಿ, ಎರಡನ್ನೂ ಕೂಡಿಸಿ, ಬಂದದ್ದನ್ನು ಎಲ್ಲದರ ಒಟ್ಟು ತೂಕದಿಂದ ಭಾಗಿಸಿ. ಅಷ್ಟೇ.

ಕೆಳಗಿನ ಕಡ್ಡಿ 30 ಸೆಂ.ಮೀ., 4.7 ಗ್ರಾಂ. ಒಂದು ತುದಿಗೆ 12 ಗ್ರಾಂ, ಇನ್ನೊಂದಕ್ಕೆ 8. ಲೆಕ್ಕ ಹಾಕಿದರೆ ಭಾರದ ತುದಿಯಿಂದ 12.6 ಸೆಂ.ಮೀ. ಕಡ್ಡಿಯ ತೂಕ ಬಿಟ್ಟು ಲೆಕ್ಕ ಹಾಕಿದರೆ ಬರೀ 12 ಬರುತ್ತದೆ. ಆ 6 ಮಿ.ಮೀ. ವ್ಯತ್ಯಾಸ ಸಾಕು, ಕಡ್ಡಿ ಹಗುರ ತುದಿಯ ಕಡೆಗೆ ಬೀಳುತ್ತದೆ. ಈ ಜೋಡಿಯ ಒಟ್ಟು ತೂಕ 24.7 ಗ್ರಾಂ, ಅದೇ ಎರಡನೆಯ ಕಡ್ಡಿಯ ಭಾರದ ತುದಿ.

ಎರಡನೆಯದು 40 ಸೆಂ.ಮೀ., ಎದುರಿಗೆ 15 ಗ್ರಾಂ ಎಲೆ: ಕುಣಿಕೆ 15.8ಕ್ಕೆ, ಒಟ್ಟು 46 ಗ್ರಾಂ. ಮೂರನೆಯದು 50 ಸೆಂ.ಮೀ., 2 ಮಿ.ಮೀ. ತಂತಿ, ಎದುರಿಗೆ 20 ಗ್ರಾಂ: 16.7ಕ್ಕೆ, ಒಟ್ಟು 78 ಗ್ರಾಂ. ನಾಲ್ಕನೆಯದು 60 ಸೆಂ.ಮೀ., ಎದುರಿಗೆ 30 ಗ್ರಾಂ: 18.2ಕ್ಕೆ. ಇಡೀ ಮೊಬೈಲು ಕೊನೆಗೆ ಸುಮಾರು 123 ಗ್ರಾಂ, ಅಂದರೆ ಏನೂ ಅಲ್ಲ. ಚಾವಣಿಯ ಕೊಕ್ಕೆಯ ಬಲದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಇಲ್ಲಿ ಉದ್ದ ಅಂದರೆ ಕಡ್ಡಿಯ ಒಂದು ತುದಿಯ ಕೊಕ್ಕೆಯಿಂದ ಇನ್ನೊಂದು ತುದಿಯ ಕೊಕ್ಕೆಗೆ. ಎಲೆಯನ್ನು ಕೊಕ್ಕೆಗೆ ತೂಗುಬಿಡದೆ ಕಡ್ಡಿಯ ತುದಿಗೇ ಬಿಗಿಯುವುದಾದರೆ ಎಲೆಯ ತೂಕದ ಮಧ್ಯದವರೆಗೆ ಅಳೆಯಬೇಕು. ಆ ಮಧ್ಯ ಹುಡುಕಲು ಎಲೆಯ ಅಂಚಿನ ಒಂದು ತೂತಿನಿಂದ ಎಲೆಯನ್ನೂ ಒಂದು ತೂಗುದಾರವನ್ನೂ ಇಳಿಬಿಟ್ಟು ಗೆರೆ ಎಳೆಯಿರಿ, ಬೇರೊಂದು ತೂತಿನಿಂದ ಮತ್ತೊಮ್ಮೆ. ಎರಡು ಗೆರೆ ಕೂಡುವ ಜಾಗವೇ ಅದು.

ತಂತಿ ತುಂಡರಿಸುವಾಗ 6 ಸೆಂ.ಮೀ. ಹೆಚ್ಚು ಬಿಡಿ. 5 ಮಿ.ಮೀ. ಒಳಗಳತೆಯ ಒಂದು ಕುಣಿಕೆ 2 ಸೆಂ.ಮೀ. ತಂತಿ ನುಂಗುತ್ತದೆ, ಎರಡು ತುದಿಯ ಕೊಕ್ಕೆಗಳೂ ಅಷ್ಟಷ್ಟೇ. ಈ ಹೆಚ್ಚುವರಿ ತೂಕ ಮೇಲಿನ ಲೆಕ್ಕದಲ್ಲಿಲ್ಲ, ಹಾಗಾಗಿ ಒಂದೆರಡು ಮಿ.ಮೀ. ಅತ್ತಿತ್ತ ಆಗುತ್ತದೆ. ಕುಣಿಕೆ ತಿರುಗಿಸುವ ಮುಂಚೆ ಎಲ್ಲವನ್ನೂ ಸಿಕ್ಕಿಸಿ, ಕಡ್ಡಿಯನ್ನು ಒಂದು ದಾರದ ಮೇಲೆ ಇಟ್ಟು ಅತ್ತಿತ್ತ ಸರಿಸಿ, ನಿಂತ ಜಾಗಕ್ಕೆ ಗುರುತು ಹಾಕಿ. ಲೆಕ್ಕ ದಾರಿ ತೋರಿಸುತ್ತದೆ, ತೀರ್ಪು ದಾರದ್ದು.

ಗ್ಯಾಲರಿಮೂಲೆ

ಮೋಟಾರಿನ ಪ್ರಶ್ನೆಗೆ ಬರುತ್ತೇನೆ. ಇಡಬೇಕಾಗಿಲ್ಲ. ಇಟ್ಟರೂ ತಪ್ಪಲ್ಲ, ಆದರೆ ದಶಕದ ಯಾವ ಕಡೆ ನಿಂತಿದ್ದೀರಿ ಅನ್ನುವುದು ಬದಲಾಗುತ್ತದೆ.

ಕಾಲ್ಡರ್ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು, ಹೊಬೊಕೆನ್‌ನ ಸ್ಟೀವನ್ಸ್ ಇನ್‌ಸ್ಟಿಟ್ಯೂಟಿನಿಂದ 1919ರಲ್ಲಿ ಪದವಿ. 1926ರಲ್ಲಿ ಪ್ಯಾರಿಸ್ ಸೇರಿ, ತಂತಿ, ಬಟ್ಟೆ, ಕಾರ್ಕುಗಳ ಪುಟ್ಟ ಸರ್ಕಸ್ ಮಾಡಿ ಆಡಿಸಿ ತೋರಿಸುತ್ತಿದ್ದ. 1930ರ ಅಕ್ಟೋಬರಿನಲ್ಲಿ ಡಚ್ ಅಮೂರ್ತ ಚಿತ್ರಕಾರ ಮಾಂಡ್ರಿಯನ್‌ನ ಸ್ಟುಡಿಯೊಗೆ ಹೋದಾಗ ಗೋಡೆಗೆ ಚುಚ್ಚಿಟ್ಟ ಬಣ್ಣದ ರಟ್ಟಿನ ಚೌಕಗಳು ಅವನನ್ನು ಹಿಡಿದುಬಿಟ್ಟವು. ಇವು ಅಲ್ಲಾಡಿದರೆ ಚೆನ್ನ ಅಂದನಂತೆ. ಮಾಂಡ್ರಿಯನ್ ಒಪ್ಪಲಿಲ್ಲ. ಕಪ್ಪು, ಬಿಳಿ, ಕೆಂಪು, ಹಳದಿ, ನೀಲಿ ಅನ್ನುವ ಬಣ್ಣದ ಶಿಸ್ತಿನ ಹಿಂದೆ ಆ ಭೇಟಿ ಇದೆ. ನಿಮ್ಮ ಎಲೆಗಳಿಗೂ ಅದಕ್ಕಿಂತ ಹೆಚ್ಚು ಬಣ್ಣ ಬೇಡ. ಹಸಿರು, ಗುಲಾಬಿ ಬಂತೋ, ಮಗುವಿನ ತೊಟ್ಟಿಲ ಮೇಲೆ ಕಟ್ಟುವ ಆಟಿಕೆಯಾಗಿಬಿಡುತ್ತದೆ.

1931ರಲ್ಲಿ ಮಾಡಿದ ಮೋಟಾರಿನ ಕೃತಿಯೊಂದನ್ನು ನೋಡಿ ಇವಕ್ಕೆ ಮೊಬೈಲ್ ಎಂದು ಹೆಸರಿಟ್ಟವನು ಫ್ರೆಂಚ್ ಕಲಾವಿದ ಮಾರ್ಸೆಲ್ ದ್ಯುಶಾಂ. 1932ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ವಿನ್ಯೋಂ ಗ್ಯಾಲರಿಯಲ್ಲಿ, ಅದೇ ವರ್ಷ ನ್ಯೂಯಾರ್ಕಿನ ಜೂಲಿಯನ್ ಲೆವಿ ಗ್ಯಾಲರಿಯಲ್ಲಿ ಇವುಗಳ ಪ್ರದರ್ಶನ ಆಯಿತು. ಮೋಟಾರಿನದು ನೋಡಬೇಕೆಂದರೆ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಸಂಗ್ರಹದ 1934ರ ‘ಎ ಯೂನಿವರ್ಸ್’ ಇದೆ. ಸುಮಾರು ಒಂದು ಮೀಟರ್ ಎತ್ತರ, ಬಣ್ಣ ಬಳಿದ ಕಬ್ಬಿಣದ ಕೊಳವೆ, ಉಕ್ಕಿನ ತಂತಿ, ಮರ, ದಾರ, ಒಂದು ಮೋಟಾರು. ಎರಡು ಗುಂಡುಗಳು ಬಾಗಿದ ತಂತಿಗಳ ಮೇಲೆ ಬೇರೆ ಬೇರೆ ವೇಗದಲ್ಲಿ ಏರಿಳಿಯುತ್ತವೆ. ಪೂರ್ತಿ ಒಂದು ಸುತ್ತಿಗೆ 40 ನಿಮಿಷ.

ತೊಂದರೆ ಇರುವುದೂ ಅಲ್ಲೇ. 40 ನಿಮಿಷವಾದರೂ ಸುತ್ತು ಸುತ್ತೇ, ಮುಗಿದ ಮೇಲೆ ಮತ್ತೆ ಮೊದಲಿನಿಂದ. ಕಾಲ್ಡರ್ ಬೇಸತ್ತದ್ದು ಈ ಪುನರಾವರ್ತನೆಗೆ. ಜೊತೆಗೆ ಪಟ್ಟಿ ಸವೆಯುತ್ತದೆ, ಗೇರು ಸದ್ದು ಮಾಡುತ್ತದೆ, ದಾರ ರಾಟೆಯಿಂದ ಜಾರುತ್ತದೆ. 1933ರಲ್ಲಿ ಅಮೆರಿಕಕ್ಕೆ ಮರಳಿ ಕನೆಕ್ಟಿಕಟ್‌ನ ರಾಕ್ಸ್‌ಬರಿಯಲ್ಲಿ ತೋಟದ ಮನೆ ಕೊಂಡ ಮೇಲೆ ಅವನ ಒಲವು ಗಾಳಿಯ ಕಡೆಗೇ. ಯಂತ್ರದಿಂದಲೇ ನಡೆಯುವ ಚಲನೆಯ ಕಲೆ ತೋರಿಸಬೇಕೆಂದಿದ್ದರೆ ಅದೇ ಕಾಲದ ಥಾಮಸ್ ವಿಲ್ಫ್ರೆಡ್‌ನ ಕ್ಲಾವಿಲಕ್ಸ್ ಇದೆ, 1922ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಸಾರ್ವಜನಿಕ ಪ್ರಯೋಗ. ಬೆಳಕನ್ನೇ ನುಡಿಸುವ ಯಂತ್ರ. ಅದು ಬೇರೆಯೇ ದಾರಿ.

ನಿಮ್ಮ ಸಾಮಾನಿಗೆ ಒಳ್ಳೆಯ ಆಧಾರ 1939ರ ‘ಲಾಬ್‌ಸ್ಟರ್ ಟ್ರ್ಯಾಪ್ ಅಂಡ್ ಫಿಶ್ ಟೇಲ್’. ಅದೇ ಮ್ಯೂಸಿಯಂ 53ನೇ ಬೀದಿಯ ತನ್ನ ಹೊಸ ಕಟ್ಟಡದ ಮೆಟ್ಟಿಲುಗಳ ನಡುವಿನ ತೆರೆದ ಜಾಗಕ್ಕೆಂದು ಮಾಡಿಸಿದ್ದು. ಬಣ್ಣ ಬಳಿದ ಉಕ್ಕಿನ ತಂತಿ, ಅಲ್ಯೂಮಿನಿಯಂ ತಗಡು, ಸುಮಾರು 2.6 ಮೀಟರ್ ಎತ್ತರ, 2.9 ಮೀಟರ್ ಅಗಲ. ಮೇಲೆ ಸಿಗಡಿಯಂಥ ದೇಹ, ಒಂದು ಕಡೆ ತಂತಿಯ ಬೋನು, ಇನ್ನೊಂದು ಕಡೆ ಬಾಲದ ಕಪ್ಪು ಎಲೆಗಳು. ಹಾಗಾಗಿ ಇಕ್ಕಳ ಅವರು ಹೇಳಿದ ಉಕ್ಕು ಮತ್ತು ಅಲ್ಯೂಮಿನಿಯಂ ಜೋಡಿ ಕಾಲಕ್ಕೆ ಸರಿಯಾಗಿಯೇ ಇದೆ. ದಶಕದ ಮೊದಲರ್ಧ ತೋರಿಸಬೇಕಿದ್ದರೆ ಮಾತ್ರ ತಗಡು ಕಡಿಮೆ ಮಾಡಿ ಮರದ ಗುಂಡು, ದಾರ, ಕಡ್ಡಿ ಬಳಸಿ. 1933ರ ‘ಕೋನ್ ದೆಬೆನ್’, ಅಂದರೆ ಎಬೊನಿಯ ಶಂಕು, ಹೆಸರೇ ಹೇಳುವಂತೆ ಎಬೊನಿ ಎಂಬ ಕಪ್ಪು ಮರದ್ದು.

ಪ್ರದರ್ಶನದ ಫಲಕಕ್ಕೆ ಒಂದು ಮಾತು. ಆಗಿನ ಅಮೆರಿಕದ ಅಮೂರ್ತ ಕಲಾವಿದರೆಲ್ಲ ಕಾಲ್ಡರ್‌ನಷ್ಟು ಅದೃಷ್ಟವಂತರಲ್ಲ. 1936ರ ‘ಕ್ಯೂಬಿಸಂ ಅಂಡ್ ಆಬ್‌ಸ್ಟ್ರಾಕ್ಟ್ ಆರ್ಟ್’ ಪ್ರದರ್ಶನದಲ್ಲಿ ಆ ಮ್ಯೂಸಿಯಂ ಕಾಲ್ಡರ್, ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಅಮೆರಿಕದ ಕಲಾವಿದ ಮ್ಯಾನ್ ರೇ ಇಬ್ಬರನ್ನೂ ಸೇರಿಸಿಕೊಂಡಿತು. ನ್ಯೂಯಾರ್ಕಿನಲ್ಲೇ ಕೂತು ಅಮೂರ್ತ ಚಿತ್ರ ಬರೆಯುತ್ತಿದ್ದ ಉಳಿದವರಿಗೆ ಬಾಗಿಲು ಮುಚ್ಚಿತ್ತು. ಅಮೆರಿಕನ್ ಆಬ್‌ಸ್ಟ್ರಾಕ್ಟ್ ಆರ್ಟಿಸ್ಟ್ಸ್ ಸಂಘ ಹುಟ್ಟಿದ್ದು ಅದೇ ವರ್ಷ. ಕಾಲ್ಡರ್ ಒಬ್ಬನನ್ನೇ ತೂಗುಹಾಕಿ ಇದೇ ಆ ಕಾಲ ಅಂದರೆ ಅರ್ಧ ಚಿತ್ರ ಮಾತ್ರ.

ತಗಡಿನೆಲೆ

ಇಬ್ಬರಿಗೂ ಧನ್ಯವಾದ. ಮೋಟಾರು ಬಿಟ್ಟೆವು. ಇಕ್ಕಳ ಅವರೇ, ಒಂದು ಸಂಶಯ. ಕುಣಿಕೆ ಲೆಕ್ಕದ ಜಾಗದಲ್ಲೇ ಇದ್ದರೂ ನೇರವಾದ ಕಡ್ಡಿ ನಡುವೆ ನಿಲ್ಲುವುದಿಲ್ಲ. ಇಲ್ಲ ಪೂರ್ತಿ ಎಡಕ್ಕೆ, ಇಲ್ಲ ಪೂರ್ತಿ ಬಲಕ್ಕೆ. ಉಸಿರು ತಾಗಿದರೂ ಸಾಕು, ಬಿದ್ದು ಅಲ್ಲೇ ನಿಂತುಬಿಡುತ್ತದೆ. ಅದರಲ್ಲೂ ಕೆಳಗಿನ ಸಣ್ಣ ಕಡ್ಡಿಯದೇ ಹೆಚ್ಚು ಕಾಟ. ಕುಣಿಕೆಯನ್ನು ಒಂದೊಂದು ಮಿ.ಮೀ. ಸರಿಸುವುದೊಂದೇ ದಾರಿಯೇ?

ಸನ್ನೆಗೋಲು

ಅಲ್ಲ. ಕುಣಿಕೆಯನ್ನು ಅತ್ತಿತ್ತ ಸರಿಸಬೇಡಿ, ಎತ್ತರಿಸಿ. ಈ ಕೆಲಸದಲ್ಲಿ ಅರ್ಥ ಮಾಡಿಕೊಳ್ಳಬೇಕಾದ ವಿಷಯ ಇದೊಂದೇ.

ಕಡ್ಡಿಯ ಎರಡು ತುದಿಯ ಕೊಕ್ಕೆಗಳ ನಡುವೆ ಒಂದು ನೇರ ಗೆರೆ ಎಳೆದಂತೆ ಯೋಚಿಸಿ. ತೂಕವೆಲ್ಲ ಎಳೆಯುತ್ತಿರುವುದು ಆ ಗೆರೆಯ ಮೇಲೆ. ಕುಣಿಕೆ ಆ ಗೆರೆಗಿಂತ ಮೇಲಿದ್ದರೆ, ಕಡ್ಡಿ ಒಂದು ಕಡೆ ವಾಲಿದ ತಕ್ಷಣ ತೂಕದ ಮಧ್ಯ ಇನ್ನೊಂದು ಕಡೆಗೆ ಸರಿದು ಅದನ್ನು ವಾಪಸ್ ಎಳೆಯುತ್ತದೆ. ಕುಣಿಕೆ ಗೆರೆಯ ಮೇಲೇ ಇದ್ದರೆ ಎಳೆಯಲು ಏನೂ ಇಲ್ಲ, ಎಳ್ಳಷ್ಟು ತಪ್ಪಿದರೂ ಕಡ್ಡಿ ಕೊನೆಯವರೆಗೆ ಬೀಳುತ್ತದೆ. ಗೆರೆಗಿಂತ ಕೆಳಗಿದ್ದರಂತೂ ಎಷ್ಟೇ ನಿಖರವಾಗಿ ಮಾಡಿದರೂ ಮಗುಚಿಕೊಳ್ಳುತ್ತದೆ.

ಎಷ್ಟು ವಾಲುತ್ತದೆ ಅನ್ನುವುದು ಎರಡು ಅಳತೆಯ ಅನುಪಾತ: ಕುಣಿಕೆ ಸರಿಯಾದ ಜಾಗದಿಂದ ಎಷ್ಟು ಪಕ್ಕಕ್ಕಿದೆ, ಮತ್ತು ಗೆರೆಯಿಂದ ಎಷ್ಟು ಮೇಲಿದೆ. 5 ಮಿ.ಮೀ. ಪಕ್ಕಕ್ಕೆ, 5 ಮಿ.ಮೀ. ಮೇಲೆ ಇದ್ದರೆ ಕಡ್ಡಿ 45 ಡಿಗ್ರಿ ವಾಲುತ್ತದೆ. ಅದೇ 5 ಮಿ.ಮೀ. ತಪ್ಪು, ಆದರೆ ಕುಣಿಕೆ 2 ಸೆಂ.ಮೀ. ಮೇಲಿದ್ದರೆ ವಾಲುವುದು 14 ಡಿಗ್ರಿ ಮಾತ್ರ. ಅಷ್ಟು ವಾಲಿದರೆ ಕಣ್ಣಿಗೆ ಚೆಂದವೇ.

ಹಾಗಾಗಿ ಕಡ್ಡಿಯನ್ನು ಬಿಲ್ಲಿನಂತೆ ಮೇಲಕ್ಕೆ ಬಾಗಿಸಿ, ತುದಿಗಳು ಕೆಳಗಿಳಿಯಲಿ. ಕಾಲ್ಡರ್‌ನ ತಂತಿಗಳಲ್ಲಿ ಕಾಣುವ ಬಾಗು ಅಲಂಕಾರಕ್ಕೆ ಮಾತ್ರ ಅಂದುಕೊಳ್ಳುವವರು ಬಹಳ. 30 ಸೆಂ.ಮೀ. ಕಡ್ಡಿಗೆ ಒಂದೂವರೆಯಿಂದ 2 ಸೆಂ.ಮೀ. ಏರು ಸಾಕು. 5 ಸೆಂ.ಮೀ. ಕೊಟ್ಟರೆ ಬೀಳುವುದೇನೋ ಇಲ್ಲ, ಆದರೆ ಜಡವಾಗುತ್ತದೆ. ತಿರುಗುತ್ತದೆ, ಏರಿಳಿಯುವುದಿಲ್ಲ.

ಕೆಳಗಿನ ಕಡ್ಡಿಗೇ ಹೆಚ್ಚು ಕಾಟ ಯಾಕೆ ಅಂದರೆ, ಮೇಲಿನವು ಭಾರಕ್ಕೆ ತಾವಾಗಿಯೇ ಬಾಗಿಬಿಡುತ್ತವೆ. ಇಕ್ಕಳ ಅವರ ನಾಲ್ಕನೆಯ ಕಡ್ಡಿಯನ್ನೇ ನೋಡಿ. 2 ಮಿ.ಮೀ. ಉಕ್ಕಿನ ತಂತಿ, ಕುಣಿಕೆಯಿಂದ 42 ಸೆಂ.ಮೀ. ಆಚೆ 30 ಗ್ರಾಂ. ಆ ತುದಿ 4.5ರಿಂದ 5 ಸೆಂ.ಮೀ. ಕೆಳಗೆ ಬಳುಕುತ್ತದೆ, ಇನ್ನೊಂದು ತುದಿ ಸುಮಾರು 1 ಸೆಂ.ಮೀ. ನೀವು ಬಾಗಿಸದಿದ್ದರೂ ಕುಣಿಕೆ ಗೆರೆಗಿಂತ ಮೇಲಾಯಿತು. ಕೆಳಗಿನ 30 ಸೆಂ.ಮೀ. ಕಡ್ಡಿಯಲ್ಲಿ ಬಳುಕು ಬರೀ 1ರಿಂದ 2 ಮಿ.ಮೀ. ಅಲ್ಲಿ ಕುಣಿಕೆ 1 ಮಿ.ಮೀ. ತಪ್ಪಿದರೂ 30 ಡಿಗ್ರಿಯಷ್ಟು ವಾಲುತ್ತದೆ. ಆದ್ದರಿಂದ ಸಣ್ಣ ಕಡ್ಡಿಗಳಿಗೆ ಕೈಯಾರೆ ಬಾಗು ಕೊಡಲೇಬೇಕು, ದೊಡ್ಡವಕ್ಕೆ ಅಷ್ಟಾಗಿ ಬೇಡ.

ಜೋಲುವುದು ನೋಡಿ ಹೆದರಿ ನಾಲ್ಕನೆಯದಕ್ಕೆ 3 ಮಿ.ಮೀ. ತಂತಿ ಹಾಕುವವರಿದ್ದಾರೆ. ಬಳುಕು ಐದರಲ್ಲಿ ಒಂದಕ್ಕೆ ಇಳಿಯುತ್ತದೆ ನಿಜ, ಆದರೆ ಕಡ್ಡಿಯ ತೂಕ ಎರಡೂಕಾಲು ಪಟ್ಟು. ಆಗ ಆ ಕಡ್ಡಿಗೂ ಕೈಯಿಂದ ಬಾಗು ಕೊಡಬೇಕಾಗುತ್ತದೆ, ಕುಣಿಕೆಯ ಲೆಕ್ಕವೂ ಮೊದಲಿನಿಂದ. 2 ಮಿ.ಮೀ.ಯೇ ಇರಲಿ. ಅದು ಮೆಲ್ಲಗೆ ಮೇಲೆ ಕೆಳಗೆ ತೊನೆಯುವುದೂ ಕೃತಿಯ ಭಾಗವೇ.

ಬಾಗಿಸುವಾಗ ಇಕ್ಕಳದಿಂದ ಒಂದೇ ಕಡೆ ಮಡಿಸಬೇಡಿ, ಮೂಲೆ ಬೀಳುತ್ತದೆ. ಡಬ್ಬಿಯಂಥ ದುಂಡಗಿನ ಏನಾದರೊಂದರ ಮೇಲೆ ಒತ್ತಿ ಹೆಬ್ಬೆರಳಿನಿಂದ ಎಳೆಯುತ್ತ ಹೋಗಿ. ತಂತಿ ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ, ಬೇಕಾದದ್ದಕ್ಕಿಂತ ಹೆಚ್ಚು ಬಾಗಿಸಿ ಬಿಡಿ. ಮೊದಲು ಬಾಗು, ಆಮೇಲೆ ದಾರದ ಮೇಲಿಟ್ಟು ಗುರುತು, ಕೊನೆಗೆ ಕುಣಿಕೆ.

ಇಕ್ಕಳ

ಸನ್ನೆಗೋಲು ಹೇಳಿದ್ದು ಸರಿ. ಆದರೆ ಇಷ್ಟೊಂದು ಡಿಗ್ರಿ ನೋಡಿ ಓದುವವರು ಗಾಬರಿಯಾಗದಿರಲಿ. ಕಾಲ್ಡರ್ ಎಂಜಿನಿಯರಾಗಿದ್ದರೂ ಹೀಗೆ ಕಾಗದದ ಮೇಲೆ ಲೆಕ್ಕ ಹಾಕಿ ಮಾಡಿದವನಲ್ಲ. ಕತ್ತರಿಸಿ, ತೂಗಿ, ಮತ್ತೆ ಕತ್ತರಿಸಿ ಮಾಡಿದವನು. ಲೆಕ್ಕ ಬೇಕಾದದ್ದು ನಿಮ್ಮ ಐದು ಎಲೆ ಒಂದೂವರೆ ಮೀಟರ್ ಜಾಗದಲ್ಲಿ ಒಂದಕ್ಕೊಂದು ಬಡಿಯದಂತೆ ನೋಡಿಕೊಳ್ಳಲು.

ಅದನ್ನು ಈಗಲೇ ನೋಡಿಬಿಡೋಣ. ಕೆಳಗಿನ ಮೂರೂ ಕಡ್ಡಿ ಒಂದೇ ದಿಕ್ಕಿಗೆ ಚಾಚಿದಾಗ ಮೂರನೆಯ ಕುಣಿಕೆಯಿಂದ ತೀರ ತುದಿಯ ಎಲೆಗೆ 16.7 + 15.8 + 17.4, ಅಂದರೆ 50 ಸೆಂ.ಮೀ. ಆ ಎಲೆಯ ಅರ್ಧ ಅಗಲ 2.1. ಅತ್ತ 30 ಗ್ರಾಂ ಎಲೆ ಇರುವುದು 60 ಸೆಂ.ಮೀ. ದೂರದಲ್ಲಿ, ಅದರ ಅರ್ಧ ಅಗಲ 4.4. ನಡುವೆ ಉಳಿಯುವುದು 3.5 ಸೆಂ.ಮೀ. ಬಡಿಯುವುದಿಲ್ಲ, ಆದರೆ ಎಲೆಯನ್ನು ಇನ್ನಷ್ಟು ದೊಡ್ಡದು ಮಾಡುವ ಆಸೆ ಬೇಡ. ಮೇಲಿನ ಕುಣಿಕೆಯಿಂದ ಒಟ್ಟು ಚಾಚು 68 ಸೆಂ.ಮೀ., ಎಲೆ ಸೇರಿ 70. ಅಂದರೆ 1.4 ಮೀಟರ್ ಅಗಲದ ವೃತ್ತ ಖಾಲಿ ಬೇಕು. ನಿಮ್ಮ ಜಾಗಕ್ಕೆ ಕೂತಿತು. ಎಲೆಗಳನ್ನು ತುದಿಗೆ ಅಡ್ಡವಾಗಿ ಬಿಗಿದರೆ ಈ ಲೆಕ್ಕ ಕೆಡುತ್ತದೆ, ಪ್ರತಿ ಎಲೆ ತನ್ನ ಉದ್ದದಷ್ಟು ಆಚೆ ಚಾಚುತ್ತದೆ.

ಬಣ್ಣದ ತೂಕದ ವಿಷಯ ಯಾರೂ ಎತ್ತಲಿಲ್ಲ. ಬಣ್ಣ ಮೊದಲು, ಸಮತೂಕ ಆಮೇಲೆ. 15 ಗ್ರಾಂ ಎಲೆಗೆ ಎರಡೂ ಬದಿ ಒಂದು ಕೋಟು ಬಳಿದರೆ ಒಣಗಿದ ಮೇಲೆ ಹೆಚ್ಚುಕಮ್ಮಿ 1 ಗ್ರಾಂ ಏರುತ್ತದೆ. ಪ್ರೈಮರು, ಎರಡು ಕೋಟು ಅಂದರೆ 2ರಿಂದ 3 ಗ್ರಾಂ. ಎಲ್ಲ ಎಲೆಗೂ ಒಂದೇ ಪ್ರಮಾಣದಲ್ಲಿ ಏರುತ್ತಲ್ಲ ಅನ್ನಬೇಡಿ. ತಂತಿಯ ತೂಕ ಏರುವುದಿಲ್ಲ, ಕಪ್ಪು ಒಂದೇ ಕೋಟಿಗೆ ಮುಚ್ಚುತ್ತದೆ, ಹಳದಿಗೆ ಮೂರು ಬೇಕು. ಬಣ್ಣ ಬಳಿದ ಎಲೆಯನ್ನೇ ತಕ್ಕಡಿಗಿಟ್ಟು ಆ ತೂಕವನ್ನು ಲೆಕ್ಕಕ್ಕೆ ಹಾಕಿ. ಬೋಳು ಅಲ್ಯೂಮಿನಿಯಂ ಮೇಲೆ ಬಣ್ಣ ನಿಲ್ಲುವುದಿಲ್ಲ, ಉಗುರಿಗೆ ಹಾಳೆಯಂತೆ ಎದ್ದುಬರುತ್ತದೆ. 320 ನಂಬರಿನ ಸ್ಯಾಂಡ್‌ಪೇಪರಿನಿಂದ ಹೊಳಪು ಹೋಗುವಷ್ಟು ಉಜ್ಜಿ, ಜಿಡ್ಡು ಒರೆಸಿ, ಅಲ್ಯೂಮಿನಿಯಂಗೆ ಹಿಡಿಯುವ ಪ್ರೈಮರು ಹಾಕಿ.

ಕುಣಿಕೆಗೂ ಕೊಕ್ಕೆಗೂ ಬಣ್ಣ ತಾಗಬಾರದು. ತಾಗಿದರೆ ಎರಡು ತಂತಿ ಅಂಟಿಕೊಂಡು, ಕಡ್ಡಿ ತಿರುಗುವ ಬದಲು ಗೂಟದಂತೆ ನಿಲ್ಲುತ್ತದೆ. ತುಂಡರಿಸಿದ ತಂತಿಯ ತುದಿಯನ್ನು ಅರದಿಂದ ದುಂಡಗೆ ಮಾಡಿ. ಎಲೆಯ ತೂತು 2.5 ಮಿ.ಮೀ., ಅಂಚಿನಿಂದ 5 ಮಿ.ಮೀ. ಒಳಗೆ. ಬೆಸುಗೆ ಬೇಡ. ಕಾಲ್ಡರ್‌ನ ತಂತಿ ಕೆಲಸ ಬಹುಮಟ್ಟಿಗೆ ಇಕ್ಕಳದಿಂದ ಸುತ್ತಿ, ಮಡಿಸಿ, ಸಿಕ್ಕಿಸಿ ಮಾಡಿದ್ದು.

ಕೊನೆಗೆ ಸ್ವಲ್ಪ ವಾಲುತ್ತಿದ್ದರೆ ಕುಣಿಕೆ ಬಿಚ್ಚಲು ಹೋಗಬೇಡಿ. ಅದೇ ಜಾಗದಲ್ಲಿ ಎರಡನೆಯ ಸಲ ಬಾಗಿಸಿದ ಉಕ್ಕು ಮುರಿಯುತ್ತದೆ. ಭಾರವಾದ ಎಲೆಯ ಅಂಚನ್ನು ಅರದಿಂದ ಉಜ್ಜಿ. 1 ಗ್ರಾಂ ಇಳಿಸಲು 3.7 ಚದರ ಸೆಂ.ಮೀ. ತಗಡು ತೆಗೆಯಬೇಕು, ಅಂದರೆ ದೊಡ್ಡ ತಪ್ಪಿಗೆ ಕತ್ತರಿ, ಸಣ್ಣದಕ್ಕೆ ಅರ. ಎಲೆಯೊಳಗೆ ಒಂದು ತೂತು ಕೊರೆದೂ ತೂಕ ಇಳಿಸಬಹುದು. 22 ಮಿ.ಮೀ. ಅಗಲದ ದುಂಡು ತೂತಿಗೆ ಸರಿಸುಮಾರು 1 ಗ್ರಾಂ.

ಗಾಳಿಪಟ

ಚಲನೆಯ ಬಗ್ಗೆ ಒಂದೆರಡು ಮಾತು. ಸಮತೂಕ ಸಿಕ್ಕಿದ ಮೇಲೂ ಹಲವು ಮೊಬೈಲು ಸುಮ್ಮನೆ ನಿಂತಿರುತ್ತವೆ. ಎಲೆಗಳೆಲ್ಲ ನೆಟ್ಟಗೆ, ಒಂದೇ ಮುಖವಾಗಿ ಇಳಿಬಿದ್ದಿದ್ದರೆ ಪಕ್ಕದಿಂದ ಬರುವ ಗಾಳಿಗೆ ಮಾತ್ರ ಅಲ್ಲಾಡುತ್ತವೆ. ಕೋಣೆಯೊಳಗೆ ಹೆಚ್ಚಿನ ಗಾಳಿ ಮೇಲೇಳುವ ಬೆಚ್ಚನೆಯದು, ಜನ ನಡೆದಾಡಿದ್ದರಿಂದ ಎದ್ದದ್ದು. ಒಂದೆರಡು ಎಲೆಯನ್ನು ಮಲಗಿಸಿ, ಉಳಿದವನ್ನು 20ರಿಂದ 30 ಡಿಗ್ರಿ ತಿರುಚಿ ಬಿಡಿ. ಮಲಗಿಸಬೇಕಾದ ಎಲೆಗೆ ಅಂಚಿನಲ್ಲಲ್ಲ, ತೂಕದ ಮಧ್ಯದಲ್ಲೇ ತೂತು.

1 ಮಿ.ಮೀ. ಬದಲು ಅರ್ಧ ಮಿ.ಮೀ. ತಗಡು ಬಳಸಿದರೆ ಅದೇ ತೂಕಕ್ಕೆ ಎರಡರಷ್ಟು ಹರವು ಸಿಗುತ್ತದೆ, ಗಾಳಿ ಚೆನ್ನಾಗಿ ಹಿಡಿಯುತ್ತದೆ. ಆದರೆ ಇಕ್ಕಳ ಅವರ ದೂರದ ಲೆಕ್ಕ ಮತ್ತೆ ನೋಡಬೇಕು, ಎಲೆ ಬಳುಕದಂತೆ ಉದ್ದಕ್ಕೂ ಒಂದು ಮೆಲುವಾದ ಬಾಗು ಕೊಡಬೇಕು. ಮೇಲಿನ ಎರಡು ದೊಡ್ಡ ಎಲೆಗೆ 1 ಮಿ.ಮೀ., ಕೆಳಗಿನ ಮೂರಕ್ಕೆ ಅರ್ಧ ಮಿ.ಮೀ. ಒಳ್ಳೆಯ ರಾಜಿ.

ಚಾವಣಿಯಿಂದ ಇಳಿಸುವ ದಾರಕ್ಕೆ ಒಂಟಿ ನೈಲಾನ್ ಎಳೆ ಬೇಡ. ಒಂದು ಕಡೆ ಸುತ್ತಿಕೊಂಡು, ಬಿಚ್ಚಿಕೊಳ್ಳುತ್ತ ವಾಪಸ್ ತಿರುಗುತ್ತದೆ. ಚಲನೆ ಗಡಿಯಾರದ ಲೋಲಕದಂತೆ ಅತ್ತಿಂದಿತ್ತ ಆಗಿಬಿಡುತ್ತದೆ. ಮೀನಿನ ಗಾಳಕ್ಕೆ ಹಾಕುವ ತಿರುಗುಕೊಂಡಿಯೊಂದನ್ನು ಮೇಲಿನ ಕುಣಿಕೆಯ ಹತ್ತಿರ ಸೇರಿಸಿದರೆ ಎಷ್ಟು ಸುತ್ತಾದರೂ ತಿರುಗುತ್ತದೆ.

ಮೂಲೆಯಲ್ಲಿ ಇನ್ನೂ ಜಾಗ ಇದ್ದರೆ 1932–33ರ ‘ಸ್ಮಾಲ್ ಸ್ಫಿಯರ್ ಅಂಡ್ ಹೆವಿ ಸ್ಫಿಯರ್’ ರೀತಿಯದ್ದೊಂದು ಮಾಡಿ, ತುಂಬ ಸುಲಭ. ಚಾವಣಿಯಿಂದ ಇಳಿದ ಒಂದು ಅಡ್ಡಕಡ್ಡಿ, ಒಂದು ತುದಿಗೆ ಭಾರದ ಕಬ್ಬಿಣದ ಗುಂಡು, ಇನ್ನೊಂದಕ್ಕೆ ಉದ್ದ ದಾರದಲ್ಲಿ ಸಣ್ಣ ಮರದ ಗುಂಡು. ನೆಲದ ಮೇಲೆ ಸೀಸೆ, ತಗಡಿನ ಡಬ್ಬಿ, ಮರದ ಪೆಟ್ಟಿಗೆ, ಒಂದು ಜಾಗಟೆ. ದೊಡ್ಡ ಗುಂಡನ್ನು ತಳ್ಳಿದರೆ ಸಣ್ಣದು ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಹೇಳಲಾರರು. ಒಮ್ಮೆ ಜಾಗಟೆಗೆ ಬಡಿಯುತ್ತದೆ, ಮೂರು ಸಲ ಎಲ್ಲಿಗೂ ಇಲ್ಲ. ಸಾಮಾನುಗಳನ್ನು ವೃತ್ತವಾಗಿ ಜೋಡಿಸಬೇಡಿ, ಗುಂಡು ಒಳಗೇ ಸುತ್ತುತ್ತ ಉಳಿಯುತ್ತದೆ. ದಾರದ ಉದ್ದ 2 ಮೀಟರಿದ್ದರೆ ಒಂದು ತೂಗಾಟಕ್ಕೆ ಸುಮಾರು 2.8 ಸೆಕೆಂಡು, ನೋಡುವವರಿಗೆ ಕಾಯುವ ಕುತೂಹಲಕ್ಕೆ ಅಷ್ಟು ನಿಧಾನ ಬೇಕು. ಸೀಸೆ ದಪ್ಪ ಗಾಜಿನದಿರಲಿ.

1937ರ ಪ್ಯಾರಿಸ್ ಮೇಳದ ಸ್ಪೇನ್ ಮಂಟಪದಲ್ಲಿ ಕಾಲ್ಡರ್ ಮಾಡಿದ ಪಾದರಸದ ಕಾರಂಜಿಯನ್ನು ಸಣ್ಣದಾಗಿ ತೋರಿಸೋಣ ಅಂತ ಯಾರಾದರೂ ಹೇಳಿದರೆ ಅಲ್ಲೇ ತಡೆಯಿರಿ. ಪಾದರಸದ ಆವಿ ವಿಷ, ಬಾರ್ಸಿಲೋನಾದ ಮಿರೊ ಫೌಂಡೇಶನ್ನಿನಲ್ಲಿ ಆ ಕಾರಂಜಿ ಇವತ್ತು ಗಾಜಿನ ಹಿಂದಿದೆ. ಅಲ್ಯೂಮಿನಿಯಂ ಎಲೆಗೆ ಒಂದು ಹನಿ ತಾಗಿದರೂ ತಗಡು ತಿಂದುಹೋಗುತ್ತದೆ. ಅವನೂ ಪಾದರಸ ಲೋಹಕ್ಕೆ ತಾಗದಂತೆ ಟಾರಿನ ಲೇಪ ಕೊಟ್ಟಿದ್ದ.

ತಗಡಿನೆಲೆ

ಬಾಗು ಕೊಟ್ಟ ಮೇಲೆ ಕೆಳಗಿನ ಕಡ್ಡಿ ನಿಲ್ಲುತ್ತಿದೆ. ಎಲ್ಲರಿಗೂ ಧನ್ಯವಾದ. ಇನ್ನೊಂದೇ ಪ್ರಶ್ನೆ, ಜೋಡಿಸಿದ್ದನ್ನು ಪ್ರದರ್ಶನದ ಜಾಗಕ್ಕೆ ಸಾಗಿಸುವುದು ಹೇಗೆ? ಬಿಚ್ಚಿ ಒಯ್ಯುವುದೋ, ಹಾಗೇ ಒಯ್ಯುವುದೋ?

ಇಕ್ಕಳ

ಬಿಚ್ಚಿ. ಆದರೆ ಕೊಕ್ಕೆಗಳನ್ನು ಪೂರ್ತಿ ಮುಚ್ಚದೆ ತಂತಿ ತೂರುವಷ್ಟು ಸಂದು ಬಿಟ್ಟಿರಬೇಕು, ಇಲ್ಲದಿದ್ದರೆ ಪ್ರತಿ ಸಲ ಇಕ್ಕಳ ಹಾಕಿ ತೆರೆದು ಮುಚ್ಚಿ ತಂತಿ ಸಾಯುತ್ತದೆ. ಬಿಚ್ಚುವ ಮುಂಚೆ ತೂಗುತ್ತಿರುವಾಗಲೇ ಫೋಟೊ ತೆಗೆಯಿರಿ. ಪ್ರತಿ ಕಡ್ಡಿಯ ಭಾರದ ತುದಿಗೆ ಬಣ್ಣದ ದಾರದ ಗಂಟು ಹಾಕಿ, ಕಡ್ಡಿಗೂ ಅದರ ಎಲೆಗೂ ಒಂದೇ ಅಂಕೆ ಬರೆದ ಚೀಟಿ ಕಟ್ಟಿ. ಕಡ್ಡಿಗಳನ್ನು ಗಟ್ಟಿ ರಟ್ಟಿನ ಮೇಲೆ ಬಾಗು ಕೆಡದಂತೆ ಮೂರು ಕಡೆ ದಾರದಿಂದ ಹೊಲಿದುಬಿಡಿ. ಎಲೆಗಳ ನಡುವೆ ಕಾಗದ ಇಡಿ, ಹೊಸ ಬಣ್ಣ ವಾರದವರೆಗೂ ಒಂದಕ್ಕೊಂದು ಅಂಟುತ್ತದೆ. ಮತ್ತೆ ತೂಗುಹಾಕುವಾಗ ಮೇಲಿನ ಕಡ್ಡಿಯನ್ನು ಒಬ್ಬರು ಹಿಡಿದಿರಬೇಕು, ಇನ್ನೊಬ್ಬರು ಅದರ ಕೆಳಗಿನವನ್ನು ಒಂದೊಂದಾಗಿ ಸಿಕ್ಕಿಸಬೇಕು. ಎದುರುತೂಕ ಬೀಳುವವರೆಗೆ ಮೇಲಿನ ಕಡ್ಡಿಯನ್ನು ಕೈಬಿಡಬೇಡಿ, ಬಿಟ್ಟರೆ ಮುಖಕ್ಕೆ ಬಡಿಯುತ್ತದೆ.